ಕೆಡಿಸದೆ ಬಿಟ್ಟ ಮೆಷಿನ್

"ನಿನ್ನ ಮೆಷಿನ್ ಕೆಟ್ಟೇ ಇರ್ಲಿಲ್ಲ ಕಣೇ! ಅವ್ನು ಕೆಡಿಸೇ ಇರ್ಲಿಲ್ಲ!"

ಚೆಕಿಂಗ್ ಟೇಬಲ್ಲಿನ ಅಕ್ಕ ಬಾಯಲ್ಲಿದ್ದ ತುತ್ತನ್ನೂ ನುಂಗದೆ ಹೇಳಿಬಿಟ್ಟಳು.

"ಯಾವ ಮೆಷಿನ್ ಅಕ್ಕಾ?"

"ನಿನ್ನೆ ಟೆಸ್ಟ್‌ಗೆ ಕೊಟ್ಟಿದ್ದು! ಎಲ್ಲಾ ಮೆಷಿನ್‌ಗೂ ಒಂದೊಂದು ದೋಷ ಇಡು ಅಂತ ಮ್ಯಾನೇಜರ್ ಸರ್ ಹೇಳಿದ್ರೆ, ನಿನ್ನ ಮೆಕ್ಯಾನಿಕ್ ಮಹಾಶಯ ನಿನ್ನದೊಂದನ್ನ ಮುಟ್ಲೇ ಇಲ್ವಂತೆ. ಈಗ ಬಂದು ನನ್ನ ಹತ್ರ ಹೇಳ್ದ. ಮುಖ ನೋಡ್ಬೇಕಿತ್ತು, ಹರಳೆಣ್ಣೆ ಕುಡ್ದವನ ಥರ!"

ಅವಳು ಡಬ್ಬಿ ಮುಚ್ಚಿ, ಎದ್ದು ಕೈ ತೊಳೆದಳು.

ಹೊಲಗಳ ನಡುವೆ ಎದ್ದಿದ್ದ ಆ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಯುವವರೆಲ್ಲ ಹೆಂಗಸರು, ರಿಪೇರಿ ಮಾಡುವವರೆಲ್ಲ ಗಂಡಸರು. ಸುತ್ತಲಿನ ಹಳ್ಳಿಗಳ ಹುಡುಗಿಯರು ವ್ಯಾನಿನಲ್ಲಿ ಬಂದು, ಮದುವೆಯಾಗುವವರೆಗೆ ಹೊಲಿಯುತ್ತಿದ್ದರು. ಆಮೇಲೆ ಅದೇ ಸೀಟಿಗೆ ಇನ್ನೊಬ್ಬಳು. ಹೊಲಿಯುವವರಲ್ಲೇ ಒಬ್ಬರನ್ನು ಮೆಕ್ಯಾನಿಕ್ ಮಾಡುತ್ತೇವೆ ಎಂದು ಕಂಪನಿ ಹೇಳಿದ್ದು ಇದೇ ಮೊದಲು. ಅದಕ್ಕೇ ಆ ಟೆಸ್ಟ್: ಮೆಷಿನ್‌ನಲ್ಲಿ ಇಟ್ಟ ದೋಷ ಹುಡುಕಿ ಸರಿಮಾಡಬೇಕು.

ಅವಳಿಗೆ ರಿಪೇರಿ ಕಲಿಸಿದವನು ಆ ಮೆಕ್ಯಾನಿಕ್ಕೇ. ಒಮ್ಮೆ ಅವಳ ಮೆಷಿನ್ ನಡುನಡುವೆ ಹೊಲಿಗೆ ತಪ್ಪಿಸುತ್ತಿತ್ತು. "ಏನಾಗಿತ್ತು?" ಎಂದು ಕೇಳಿದ್ದಳು. ಬೇರೆಯವರಾಗಿದ್ದರೆ "ನಿಂಗ್ಯಾಕಮ್ಮಾ, ನೀನು ಹೊಲಿ" ಅನ್ನುತ್ತಿದ್ದರು. ಅವನು ಮೆಷಿನ್ ವಾಲಿಸಿ, ಒಳಗಿನ ಕೊಕ್ಕೆ ತೋರಿಸಿ, "ಸೂಜಿ ಬರೋ ಹೊತ್ತಿಗೆ ಇದು ಬರಬೇಕು. ತಡ ಆದ್ರೆ ದಾರ ಸಿಗಲ್ಲ" ಅಂದಿದ್ದ.

ಅಂದಿನಿಂದ ಊಟದ ಬಿಡುವೆಲ್ಲ ಪಾಠ. ಲೈನಿನವರು ಅವಳಿಗೆ 'ಸ್ಪ್ಯಾನರ್ ಮೇಡಂ' ಎಂದು ಹೆಸರಿಟ್ಟರು. ಪ್ರೀತಿಯ ಮಾತು ಇಬ್ಬರೂ ಎತ್ತಿರಲಿಲ್ಲ. ಎಣ್ಣೆ ಹತ್ತಿದ ಬೆರಳುಗಳು ಆಗಾಗ ತಾಕುತ್ತಿದ್ದವು... ಅಷ್ಟೇ.

ಮನೆಯಲ್ಲಿ ಅಮ್ಮ ಖಡಾಖಂಡಿತವಾಗಿ ಹೇಳಿಯಾಗಿತ್ತು. "ಮೆಕ್ಯಾನಿಕ್ ಆದ್ರೆ ಇರು. ಇಲ್ಲಾಂದ್ರೆ ಸುಮ್ನೆ ಕೆಲ್ಸ ಬಿಟ್ಟು, ಚಿಕ್ಕಪ್ಪ ನೋಡಿರೋ ಸಂಬಂಧಕ್ಕೆ ಹೂಂ ಅನ್ನು." ಇದು ಅವನಿಗೂ ಗೊತ್ತಿತ್ತು.

ನಿನ್ನೆ ಟೆಸ್ಟ್‌ನಲ್ಲಿ ಅವಳು ಮೊದಲು ಚಿಂದಿ ಬಟ್ಟೆಯ ಮೇಲೆ ಹೊಲಿದು ನೋಡಿದ್ದಳು. ಗೆರೆ ಎಳೆದಂತೆ ಬಂತು. ಇನ್ನೊಮ್ಮೆ ಹೊಲಿದಳು. ಹಾಗೇ ಬಂತು! ದೋಷ ಎಲ್ಲೋ ಆಳದಲ್ಲಿರಬೇಕು ಎಂದು ಒಂದೊಂದೇ ಸ್ಕ್ರೂ ಬಿಚ್ಚುತ್ತಾ ಹೋದಳು. ಹೊತ್ತು ಮುಗಿದಾಗ ಮೆಷಿನ್ ಚೂರುಚೂರಾಗಿ ಟೇಬಲ್ ಮೇಲೆ ಹರಡಿತ್ತು.

"ಇದಕ್ಕೇ ಹೇಳೋದು, ಹೊಲಿಯೋರು ಹೊಲೀಬೇಕು ಅಂತ" ಎಂದು ಮ್ಯಾನೇಜರ್ ನಕ್ಕಿದ್ದರು.

ಅವಳು ಸ್ಟೋರ್ ರೂಮಿಗೆ ಹೋದಾಗ ಅವನು ದಾರದ ಬಾಬಿನ್‌ಗಳನ್ನು ಸುಮ್ಮನೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದ.

"ಯಾಕೆ ಹಾಗೆ ಮಾಡಿದೆ?"

ಮೊದಲ ಸಲ ಅವಳು ಅವನನ್ನು ಏಕವಚನದಲ್ಲಿ ಕೇಳಿದ್ದಳು.

"ನೀವು ಹೊಲಿದು ತೋರಿಸ್ತೀರಾ, ಸರಿ ಬಂತು ಅಂತ ಪಾಸ್ ಮಾಡ್ತಾರೆ ಅನ್ಕೊಂಡೆ. ಇಡೀ ಮೆಷಿನ್ ಬಿಚ್ತೀರಾ ಅಂತ ಕನಸಲ್ಲೂ..."

"ಅಂದ್ರೆ, ನಂಗೆ ದೋಷ ಹುಡುಕೋಕೆ ಬರಲ್ಲ ಅಂತ ನಿನಗೂ ಅನಿಸಿತ್ತು."

"ಅಯ್ಯೋ, ಹಂಗಲ್ಲ!"

"ಮತ್ತೆ ಹೆಂಗೆ?"

ಅವನು ಮತ್ತೆ ಬಾಬಿನ್ ಡಬ್ಬಿಗೆ ಕೈ ಹಾಕಿದ.

"ನಂಗೂ ಮೆಷಿನ್ ಸರಿ ಇದೆ ಅಂತ ಅನಿಸಿತ್ತು" ಅಂದಳು. "ಹೇಳೋಕೆ ಧೈರ್ಯ ಬರ್ಲಿಲ್ಲ. ಕೊಟ್ಟೋರು ತಪ್ಪು ಮಾಡಿರಲ್ಲ, ನಾನೇ ದಡ್ಡಿ ಅನ್ಕೊಂಡೆ. ಕಲಿಸಿದೋನೇ ನನ್ನ ನಂಬ್ಲಿಲ್ಲ, ಇನ್ನು ನನ್ನನ್ನ ನಾನೇ ಹೇಗೆ ನಂಬ್ಲಿ?"

ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬಿಡುವು ಮುಗಿದ ಬೆಲ್ ಹೊಡೆಯಿತು. ಅವಳು ಹೋಗಿ ಸೀಟಿನಲ್ಲಿ ಕೂತು ಕಾಲರ್‌ಗಳನ್ನು ಹೊಲಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಅವನು ಮ್ಯಾನೇಜರರ ಗಾಜಿನ ಕೋಣೆಗೆ ಹೋಗಿದ್ದು ಕಂಡಿತು.

ಗಾಜಿನಾಚೆಯ ಮಾತು ಕೇಳಿಸುತ್ತಿರಲಿಲ್ಲ. ಮ್ಯಾನೇಜರ್ ಎದ್ದು ನಿಂತರು. ಟೇಬಲ್ ಕುಟ್ಟಿದರು. ಅವನು ತಲೆ ತಗ್ಗಿಸಿ ನಿಂತೇ ಇದ್ದ. ಲೈನಿನ ಮೆಷಿನ್‌ಗಳ ಸದ್ದು ತಾನಾಗಿ ಇಳಿಯಿತು.

'ಕೆಲಸದಿಂದ ತೆಗೆದುಬಿಟ್ಟರೆ?' ಸಿಟ್ಟಿನ ನಡುವೆಯೂ ಅವಳು ಹೊಲಿಗೆ ನಿಲ್ಲಿಸಿ ಆ ಕಡೆಯೇ ನೋಡಿದಳು.

ಅವನು ಹೊರಬಂದು ನೆಟ್ಟಗೆ ಅವಳ ಮೆಷಿನ್ ಹತ್ತಿರ ಬಂದ.

"ಹೇಳ್ಬಿಟ್ಟೆ. ಇನ್ನೊಂದು ಸಲ ಹಿಂಗಾದ್ರೆ ಮನೆಗೆ ಹೋಗು ಅಂದ್ರು. ನಾಳೆ ಬೆಳಗ್ಗೆ ನಿಮಗೆ ಮತ್ತೆ ಟೆಸ್ಟ್. ಈ ಸಲ ಮೆಷಿನ್ ಕೆಡಿಸೋದು ಸರ್ರೇ. ನಾನು ಆ ಕಡೆ ತಲೆ ಹಾಕಂಗಿಲ್ಲ."

"ಒಳ್ಳೇದೇ ಆಯ್ತು."

ಪಕ್ಕದಿಂದ ಅಕ್ಕ ಇಣುಕಿದಳು. "ಏನಂತೆ ಸ್ಪ್ಯಾನರ್ ಮೇಡಂ? ಅರ್ಧ ಮೂತಿ ನಗ್ತಾ ಇದೆ, ಅರ್ಧ ಊದ್ಕೊಂಡಿದೆ?"

"ನಿನ್ನ ಕೆಲ್ಸ ನೋಡಕ್ಕಾ!"

ಸಂಜೆ ಗೇಟಿನ ಹತ್ತಿರ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಅವನು ಅವಳಿಗಾಗಿ ಕಾದಿದ್ದ.

"ಒಂದು ಮಾತು..."

"ಟೆಸ್ಟ್ ಬಗ್ಗೆ ಆದ್ರೆ ಬೇಡ."

"ಟೆಸ್ಟ್ ಬಗ್ಗೆ ಅಲ್ಲ. ನೀವು ಫೇಲಾಗ್ತೀರಾ ಅಂತ ನಾನು ಹೆದರ್ಲಿಲ್ಲ. ಏನೋ ಒಂದು ಹೆಚ್ಚುಕಮ್ಮಿಯಾಗಿ... ಆ ಸಂಬಂಧಕ್ಕೆ ಹೂಂ ಅಂದ್ಬಿಟ್ರೆ ಅಂತ. ನಿಮ್ಮನ್ನ ನೋಡದೆ ನಂಗೆ ಇರೋಕಾಗಲ್ಲ."

ಅವಳು ಅವನನ್ನೇ ನೋಡಿದಳು. ಇಷ್ಟು ದಿನದ ಪಾಠಗಳಲ್ಲಿ ಅವನು ಇಷ್ಟು ಉದ್ದದ ಮಾತಾಡಿದ್ದೇ ಇಲ್ಲ!

"ಇದನ್ನ ಮೊದ್ಲೇ ಹೇಳಿದ್ರೆ ಒಂದು ಮೆಷಿನ್ ಉಳೀತಿತ್ತಲ್ಲ."

"ಸಿಟ್ಟು ಹೋಯ್ತಾ?"

"ಇಲ್ಲ. ಇನ್ನೂ ಬೇಕಾದಷ್ಟಿದೆ."

"ಮತ್ತೆ...?"

"ನಾಳೆ ಸಂಜೆ ನಮ್ಮನೆಗೆ ಬಾ. ಅಮ್ಮನ ಹತ್ರ ಮಾತಾಡು."

"ನೀನು ಪಾಸಾದ್ರೆ ತಾನೇ?" ಅವನೂ ಏಕವಚನಕ್ಕೆ ಇಳಿದಿದ್ದ.

"ನೋಡು, ಮತ್ತೆ ಅದೇ!" ಅವಳು ವ್ಯಾನ್ ಹತ್ತಿದಳು. ಕಿಟಕಿ ಸರಿಸಿ, ತಲೆ ಹೊರಗೆ ಹಾಕಿ, "ನಾನು ಪಾಸಾಗ್ತೀನಿ. ನೀನು ಇಸ್ತ್ರಿ ಮಾಡಿರೋ ಅಂಗಿ ಹಾಕ್ಕೊಂಡು ಬಾ, ಸಾಕು" ಅಂದಳು.