ಬಾವಿಕಟ್ಟೆಯ ಖಾಲಿ ಮೊಳೆ

"ಆ ಹಗ್ಗ ನಮ್ಮದು. ಕೈ ತೆಗೀರಿ."

ಹಿಂದಿನಿಂದ ಬಂದ ದನಿಗೆ ಬೆಚ್ಚಿದ ಯುವಕ ಹಗ್ಗವನ್ನು ಬಿಟ್ಟೇಬಿಟ್ಟ. ಬಿಂದಿಗೆ ದಡಾರನೆ ಬಾವಿಗೆ ಬಿತ್ತು... ಅದರ ಹಿಂದೆಯೇ ಹಗ್ಗವೂ!

ಅವನು ಅಂಜನಮೂರ್ತಿ. ಗುಬ್ಬಿಯವನು. ಲೇತ್ ಕೆಲಸಕ್ಕೆಂದು ತುಮಕೂರಿಗೆ ಬಂದು, ಚಿಕ್ಕಪೇಟೆಯ ಈ ವಠಾರದ ಮೂಲೆ ರೂಮನ್ನು ಹಿಂದಿನ ದಿನವಷ್ಟೇ ಬಾಡಿಗೆಗೆ ಹಿಡಿದಿದ್ದ. ಪಾತಾಳಗರಡಿ ಇಳಿಬಿಟ್ಟು ಬಿಂದಿಗೆಯನ್ನು ಮೇಲೆತ್ತುವಷ್ಟರಲ್ಲಿ ಅವನ ಅಂಗಿಯೆಲ್ಲ ಬೆವರಾಗಿತ್ತು, ಹಿಂದಿನಿಂದ ಕೂಗಿದ್ದ ಹುಡುಗಿ ರಂಗಲಕ್ಷ್ಮಿಯ ಸಿಟ್ಟೆಲ್ಲ ನಗುವಾಗಿತ್ತು.

"ಇಲ್ಲಿ ಮನೆಗೊಂದು ಮೊಳೆ. ಒಂದು ಮೊಳೆಗೆ ಒಂದೇ ಮನೆ ಹಗ್ಗ. ಆ ಕೊನೇದು ನಿಮ್ದು," ಎಂದಳು.

ಇನ್ನೊಂದು ಮಾತು ಹೇಳಲು ಮರೆತಳು. ಮೊಳೆಯಿಂದ ಹಗ್ಗ ಬಿಚ್ಚಿಕೊಂಡು ಹೋದರೆ ಆ ಮನೆಯವರು ವಠಾರ ಬಿಟ್ಟರು ಎಂದರ್ಥ. ಹುಟ್ಟಿದಾಗಿನಿಂದ ಅಲ್ಲೇ ಬೆಳೆದವಳಿಗೆ ಅದು ಹೇಳಿಕೊಡುವ ವಿಷಯವೆಂದೇ ಅನ್ನಿಸಲಿಲ್ಲ.

ಎಮರ್ಜೆನ್ಸಿ ಮುಗಿದ ಮಾರನೇ ವರ್ಷವದು. ವಠಾರ ಕೆಡವಿ ಲಾಡ್ಜ್ ಕಟ್ಟಲು ಮಾಲೀಕ ಚನ್ನವೀರಯ್ಯ ಹೊರಟಿದ್ದ. ಬಾಡಿಗೆದಾರರು ಕೋರ್ಟಿಗೆ ಹೋದರು. ತೀರ್ಪು ಬರುವವರೆಗೆ ಯಾರನ್ನೂ ಹೊರಗೆ ಹಾಕುವಂತಿಲ್ಲ ಎಂದಾಯಿತು.

ಚನ್ನವೀರಯ್ಯ ಏನು ಮಾಡಿದ ಗೊತ್ತೇ? ಬಾವಿಯ ರಾಟೆಯನ್ನೇ ಬಿಚ್ಚಿಸಿಕೊಂಡು ಹೋದ! ಬಾಡಿಗೆ ಮನೆಯವರಿಗೂ ಬಾಯಾರುತ್ತದೆ ಎಂಬುದನ್ನು ಇಂಥವರಿಗೆ ಯಾವ ಕೋರ್ಟು ಕಲಿಸಬೇಕು?

ಹೆಂಗಸರು ಬರಿಗೈಯಲ್ಲೇ ಸೇದಿದರು. ಅದು ಸಾಕಾಗಿ ಒಂದು ಸಂಸಾರ ಸದ್ದಿಲ್ಲದೆ ಹಗ್ಗ ಬಿಚ್ಚಿಕೊಂಡು ಹೋಯಿತು. ಒಂದು ಸಂಜೆ ಅಂಜನಮೂರ್ತಿ ರಂಗಲಕ್ಷ್ಮಿಯ ಅಂಗೈಯ ಬೊಬ್ಬೆಗಳನ್ನು ನೋಡಿದ. ಹಲ್ಲು ಕಚ್ಚಿ ತನ್ನ ರೂಮಿಗೆ ನಡೆದ.

ಬೆಳಗಾದರೆ ಕೊನೆಯ ಮೊಳೆ ಖಾಲಿ. ಅವನ ರೂಮಿಗೆ ಬೀಗ.

'ಇವರೂ ಹೋದರೇ... ಒಂದು ಮಾತೂ ಹೇಳದೆ?' ರಂಗಲಕ್ಷ್ಮಿ ಖಾಲಿ ಮೊಳೆಯನ್ನು ಮುಟ್ಟಿ ನೋಡಿದಳು.

ಚನ್ನವೀರಯ್ಯನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಬಂದು ಮೊಳೆ ನೋಡಿದ. ನಾಲ್ಕು ಜನರೆದುರು ಅವಳನ್ನೇ ಕೇಳಿದ.

"ಏನಮ್ಮ, ಮೂಲೆ ರೂಮಿನೋನು ಬಿಟ್ಟೋದ್ನಾ?"

"ಹೂಂ... ಬಿಟ್ಟೋದ್ರು," ಎಂದಳು.

ಅಷ್ಟು ಸಾಕಾಯಿತು ಅವನಿಗೆ. ಬೀಗ ಒಡೆಸಿದ, ಚಾಪೆ, ಸ್ಟವ್ವು, ಟ್ರಂಕು ಎಲ್ಲ ಜಗಲಿಗೆ ಎಸೆಸಿದ, ತನ್ನ ಬೀಗ ಜಡಿದ.

ಮರುದಿನ ಮಧ್ಯಾಹ್ನ ಅಂಜನಮೂರ್ತಿ ಹೆಗಲ ಮೇಲೆ ಗೋಣಿಚೀಲ ಹೊತ್ತು ಬಂದ. ಜಗಲಿಯ ಮೇಲಿದ್ದ ತನ್ನ ಸಾಮಾನು ಕಂಡು ಹಾಗೇ ನಿಂತ.

"ಹಗ್ಗ ತಗೊಂಡೋದೋರಿಗೆ ಇಲ್ಲೇನು ಕೆಲಸ?" ರಂಗಲಕ್ಷ್ಮಿಯ ಕಣ್ಣು ತುಂಬಿತ್ತು.

ಅವನು ಗೋಣಿಚೀಲ ಬಿಚ್ಚಿದ. ಒಳಗೆ ಫಳಫಳ ಹೊಳೆಯುವ ಕಬ್ಬಿಣದ ರಾಟೆ, ಅದರ ಅಂಚಿನ ತೋಡಿನಲ್ಲಿ ಸುತ್ತಿದ ಅವನದೇ ಹಗ್ಗ.

"ಹಗ್ಗದ ದಪ್ಪ ನೋಡ್ಕೊಂಡೇ ರಾಟೆ ತೋಡು ಕಡೀಬೇಕು. ಇಲ್ಲಿ ನಮ್ಮ ಲೇತ್ ಸಾಹುಕಾರ್ರು ಬಿಡಲ್ಲ ಅಂತ ಗುಬ್ಬಿಗೋಗಿದ್ದೆ, ನನ್ನ ಹಳೇ ಮೇಸ್ತ್ರಿ ಹತ್ರ," ಎಂದ. "ನಿಮ್ಮ ಕೈ ನೋಡಕ್ಕಾಗ್ಲಿಲ್ಲ ಕಣ್ರೀ."

ರಂಗಲಕ್ಷ್ಮಿ ಅಲ್ಲೇ ಕುಸಿದು ಕುಳಿತಳು. ಹಗ್ಗ ತೆಗೆದರೇನರ್ಥ ಎಂಬುದನ್ನೂ, ತಾನು ಆಡಿದ ಮಾತನ್ನೂ ಅಳುತ್ತಲೇ ಹೇಳಿದಳು. ಅವನು ಕೋಪಗೊಳ್ಳಲಿಲ್ಲ. ಒಂಟಿ ಜೀವಕ್ಕೆ ಎಲ್ಲಾದರೂ ಜಾಗ ಸಿಗುತ್ತದೆಂದು ಟ್ರಂಕಿಗೆ ಕೈ ಹಾಕಿದ.

ಅವಳು ಆ ಕೈ ಹಿಡಿದಳು. "ಹೋಗ್ಬೇಡಿ. ನೀವಾಗೇ ಹೋದ್ರೆ ಅವ್ನ ಮಾತೇ ನಿಜ ಆಗುತ್ತೆ. ನನ್ನ ಬಾಯಿಂದ ಹೋದ ಮನೇನ ನಾನೇ ವಾಪಸ್ ತರ್ತೀನಿ."

ಕೋರ್ಟು ಮೆಟ್ಟಿಲು ಹತ್ತಬೇಡವೆಂದು, ಮದುವೆಯಾಗಬೇಕಾದ ಹುಡುಗಿಯ ಹೆಸರು ಕೆಡುತ್ತದೆಂದು ತಾಯಿ ಪುಟ್ಟತಾಯಮ್ಮ ಗೋಗರೆದರು. ಅವಳು ಕೇಳಲಿಲ್ಲ. ಹಗ್ಗ ಏಕೆ ಹೋಗಿತ್ತೆಂದು, ತಾನು ಏನು ತಪ್ಪು ತಿಳಿದೆನೆಂದು ಜಡ್ಜರೆದುರು ಬಿಡಿಸಿ ಹೇಳಿದಳು.

ಮಾಲೀಕನ ವಕೀಲ ಮೀಸೆಯಡಿ ನಕ್ಕ. "ಅವ್ರಿಗೂ ನಿಮಗೂ ಏನಮ್ಮ ಸಂಬಂಧ?"

ಹಿಂದೆ ಯಾರೋ ಕಿಸಕ್ಕೆಂದರು. ಅಂಜನಮೂರ್ತಿಯ ಮುಷ್ಟಿ ಬಿಗಿಯಿತು. ಅವಳ ಮುಖ ಕೆಂಪೇರಿತು, ಆದರೂ ತಲೆ ಬಾಗಲಿಲ್ಲ.

"ಒಂದೇ ಬಾವಿ ನೀರು ಕುಡಿಯೋರು ಸ್ವಾಮಿ. ಅದಕ್ಕಿಂತ ಹೆಚ್ಚಿನ ಸಂಬಂಧ ಇದ್ರೆ ಅದನ್ನ ಅವ್ರಿಗೇ ಹೇಳ್ತೀನಿ, ನಿಮಗಲ್ಲ."

ಕೋರ್ಟಿನ ಆಜ್ಞೆಯಿಲ್ಲದೆ ಬೀಗ ಒಡೆದದ್ದು ತಪ್ಪು, ರೂಮು ಅಂಜನಮೂರ್ತಿಗೇ ಬಿಟ್ಟುಕೊಡಬೇಕು, ಬಾವಿ ಎಲ್ಲರದ್ದು ಎಂದು ಆದೇಶವಾಯಿತು. ವಠಾರದ ಕೇಸು ಇನ್ನೂ ನಡೆಯುತ್ತಲೇ ಇತ್ತು, ನಡೆಯಲಿ. ಅಂದು ಸಂಜೆ ಬಾವಿಕಟ್ಟೆಯ ಮೇಲೆ ಹೊಸ ರಾಟೆ ತಿರುಗಿತು.

ನೀರು ಸೇದಿ ಹಗ್ಗ ತೂಗುಹಾಕಲು ಹೋದ ಅಂಜನಮೂರ್ತಿ ಬೆರಗಾದ. ಅವನ ಮೊಳೆಯಲ್ಲಿ ಆಗಲೇ ಒಂದು ಹೊಸ ಹಗ್ಗವಿತ್ತು.

"ಇದ್ಯಾರ್ದು?"

"ನಂದು," ಎಂದಳು ರಂಗಲಕ್ಷ್ಮಿ, ಕೊಡದ ಬಾಯಿ ಉಜ್ಜುತ್ತಾ. "ಅಮ್ಮನ ಹಗ್ಗ ಅಮ್ಮನ ಮೊಳೇಲೇ ಐತೆ."

"ಒಂದು ಮೊಳೆಗೆ ಒಂದೇ ಮನೆ ಹಗ್ಗ ಅಂದಿದ್ರಲ್ಲ..."

ಅವಳು ಕಣ್ಣೆತ್ತಿ ನೋಡಿದಳು.

"ಈಗ್ಲೂ ಅದನ್ನೇ ಹೇಳ್ತಿರೋದು ಕಣ್ರೀ."

ಅವನು ತನ್ನ ಹಗ್ಗವನ್ನು ಅದರ ಮೇಲೆ ಮೆಲ್ಲಗೆ ತೂಗುಹಾಕಿದ.