ಹನ್ನೊಂದು ನಿಮಿಷದ ಬೆಳಕು

ನೂಲು ಸುತ್ತುವ ಯಂತ್ರದ ಉರುಳೆಗೆ ತೋಳು ಸಿಕ್ಕಿ ಒಬ್ಬ ಹೆಂಗಸು ಸತ್ತಳು. ನಿಲ್ಲಿಸುವ ಗುಂಡಿ ಒತ್ತದೆ ಕೈ ಹಾಕಿದ್ದು ಅವಳದೇ ತಪ್ಪು ಎಂದು ಕಾರ್ಖಾನೆ ಬರೆದುಕೊಂಡಿತು. ಗುಂಡಿ ಒತ್ತಿದ್ದಳೋ ಇಲ್ಲವೋ ಎಂಬ ದಾಖಲೆ ಮೇಲ್ವಿಚಾರಕನ ಕಂಪ್ಯೂಟರಿನಲ್ಲಿತ್ತು. ಅದರ ಹಳೇ ಎಸ್‌ಎಸ್‌ಡಿ ಡಿಸ್ಕು ತೆಗೆದು ಹೊಸದು ಹಾಕುವಾಗ ಕಂಪ್ಯೂಟರ್ ರಿಪೇರಿಯವಳು ಅದನ್ನು ಸುಟ್ಟುಹಾಕಿದಳು ಎಂದೂ ಬರೆದುಕೊಂಡಿತು.

ಅಂದಿನಿಂದ ರಿಪೇರಿಯವಳ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಎಂಟನೆಯ ದಿನ ಬಂದವಳು ಗಿರಾಕಿಯಲ್ಲ, ಸತ್ತವಳ ತಂಗಿ. ಅವಳು ಇವಳ ಮುಖ ನೋಡದೆ ಸೀದಾ ಮಹಡಿ ಹತ್ತಿದಳು. ಮೇಲಿದ್ದದ್ದು ಗಡಿಯಾರದಜ್ಜಿ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವಳು. ಬೀದಿಯಲ್ಲಿ ಏನು ಕಾಣೆಯಾದರೂ ಜನ ಹತ್ತುತ್ತಿದ್ದದ್ದು ಅವಳ ಮೆಟ್ಟಿಲನ್ನೇ. ರಿಪೇರಿಯವಳೂ ಹಿಂದೆಯೇ ಹತ್ತಿದಳು.

"ಅಜ್ಜಿ, ನಮ್ಮಕ್ಕ ದಿನಾ ಬರ್ತಾಳೆ."

"ಎಲ್ಲಿಗಮ್ಮ?"

"ಮೇಲ್ವಿಚಾರಕರ ಕೋಣೆಗೆ. ಎರಡು ಗಂಟೆಗೆ ಯಂತ್ರ ನಿಲ್ಲಿಸಿ ನಾವು ನೂಲಿನ ಧೂಳು ಗುಡಿಸ್ತೀವಿ. ಅವರು ಕಂಪ್ಯೂಟರ್ ಮಲಗಿಸಿ, ಬೀಗ ಹಾಕಿ ಊಟಕ್ಕೆ ಹೋಗ್ತಾರೆ. ಎರಡೂ ಹತ್ತಕ್ಕೆ, ಅಕ್ಕ ಹೋದ ಹೊತ್ತಿಗೇ, ಒಳಗೆ ಪರದೆ ತಾನಾಗೇ ಹತ್ತಿಕೊಳ್ಳುತ್ತೆ. ಗಾಜಿನ ತುಂಬ ನೀಲಿ ಬೆಳಕು. ಆಮೇಲೆ ಆರಿಹೋಗುತ್ತೆ. ಬೇರೆಯವರು ಆ ಕಡೆ ಸುಳಿಯಲ್ಲ. ನಾನು ಬಾಗಿಲ ಹತ್ರಾನೇ ಕೂತಿರ್ತೀನಿ." ಆಮೇಲೆ ರಿಪೇರಿಯವಳ ಕಡೆ ತಿರುಗಿದಳು. "ಇವಳು ಸುಟ್ಟುಹಾಕಿದ್ದನ್ನ ಹುಡುಕ್ಕೊಂಡು ಬರ್ತಾಳೆ."

ರಿಪೇರಿಯವಳು ಗೋಡೆಯ ಪಕ್ಕಕ್ಕೆ ಸರಿದಳು.

"ಎಷ್ಟು ಹೊತ್ತು ಇರ್ತಾಳೆ?" ಎಂದಳು ಅಜ್ಜಿ.

"ದೆವ್ವದ ಮುಂದೆ ಗಡಿಯಾರ ಹಿಡ್ಕೊಂಡು ಕೂರೋಕಾಗುತ್ತಾ?"

"ನಾನು ಕೂರ್ತೀನಿ ಬಿಡು."

ಹೆದರಿದ ಕೆಲಸಗಾರರು ಅರ್ಧ ಕಾರ್ಖಾನೆ ಗುಡಿಸದೆ ಬಿಡುತ್ತಿದ್ದರಿಂದ ಮಾಲೀಕ ಒಪ್ಪಿಗೆ ಕೊಟ್ಟ. ಮರುದಿನ ಯಂತ್ರಗಳು ನಿಂತ ಮೇಲಿನ ಮೌನ ಕಿವಿಗೆ ಒತ್ತುತ್ತಿತ್ತು. ಧೂಳಿನ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಸರಿಯಾಗಿ ಎರಡೂ ಹತ್ತಕ್ಕೆ ಬೀಗ ಹಾಕಿದ ಕೋಣೆಯೊಳಗೆ ಯಾರೋ ಕಣ್ಣು ತೆರೆದಂತೆ ಬೆಳಕು ಮೂಡಿತು. ರಿಪೇರಿಯವಳು ಗಾಜಿಗೆ ಹತ್ತಿರ ಸರಿದಳು. ಯಂತ್ರ ಗೊತ್ತಿದ್ದವಳು ತಾನು, ಆದರೂ ಗಾಜಿನಲ್ಲಿ ಕಂಡ ತನ್ನದೇ ಮುಖ ಒಂದು ಕ್ಷಣ ಬೇರೆ ಯಾರದೋ ಅನ್ನಿಸಿತು. ತಂಗಿ ಬಾಗಿಲಿಗೆ ಅಂಗೈ ಒತ್ತಿ ಕೂತಿದ್ದಳು.

ಬೆಳಕು ಆರಿದಾಗ ಅಜ್ಜಿ ಗಡಿಯಾರ ಮುಚ್ಚಿದಳು. "ಹನ್ನೊಂದು ನಿಮಿಷ."

ರಿಪೇರಿಯವಳು ಬೆಚ್ಚಿದಳು. ಆ ಲೆಕ್ಕವನ್ನು ಅವಳು ಹಿಂದೆ ಎಲ್ಲೋ ಬರೆದಿದ್ದಳು.

ಊಟ ಮುಗಿಸಿ ಬಂದ ಮೇಲ್ವಿಚಾರಕ ಬೀಗ ತೆಗೆಯುತ್ತ, "ದೆವ್ವಕ್ಕೆ ಕೀಲಿ ಕೊಟ್ರಾ ಅಜ್ಜಿ?" ಎಂದು ನಕ್ಕ. ಅಜ್ಜಿಯ ಕಣ್ಣು ಮೇಜಿನ ಮೇಲಿತ್ತು. ಯಂತ್ರ ತಯಾರಿಸಿದ ಕಂಪನಿಗೆ ಬರೆದ ಪತ್ರದ ಪ್ರತಿ: 'ಹೊಸ ಡಿಸ್ಕಿಗೆ ಹೊಸ ಪಾಸ್‌ವರ್ಡ್ ಕಳಿಸಿ.' ಕೆಳಗೆ ಹಸಿರು ಶಾಯಿಯಲ್ಲಿ ಮಾಲೀಕನ ಸಹಿ.

ದಾರಿಯಲ್ಲಿ ಅಜ್ಜಿ ಕೇಳಿದಳು, "ಡಿಸ್ಕು ಬದಲಾಯಿಸಿದ ದಿನ ಏನೇನು ಮಾಡಿದೆ, ಒಂದೂ ಬಿಡದೆ ಹೇಳು."

"ವಾರದ ರಜೆ ಇತ್ತು. ಹಳೇದು ತುಂಬಿ ಆಮೆ ಹಂಗೆ ತೆವಳ್ತಿತ್ತು. ಎಲ್ಲಾನೂ ಹೊಸದಕ್ಕೆ ನಕಲು ಮಾಡಿದೆ. ವೇಗ ಪರೀಕ್ಷೆ ಮಾಡಿ, ಯಾವಾಗಲೂ ಮಾಡೋ ಹಂಗೆ, ಸಿಪಿಯು ಮುಚ್ಚಳದ ಒಳಗೆ ಬರೆದೆ. ಹಳೇದನ್ನ ಮೇಲ್ವಿಚಾರಕರ ಕೈಗೆ ಕೊಟ್ಟೆ. ಅದು ಚೆನ್ನಾಗೇ ಇತ್ತು, ಅಜ್ಜಿ!"

"ಯಂತ್ರ ಓಡಿಸಿ ನೋಡಿದ್ಯಾ?"

ಅವಳು ನಿಂತುಬಿಟ್ಟಳು. "ರಜೆ ಅಲ್ವಾ, ಯಂತ್ರಕ್ಕೆ ಕರೆಂಟೇ ಇರ್ಲಿಲ್ಲ. ವೇಗ ನೋಡಿದೆ, ಅಷ್ಟೇ."

"ಗಡಿಯಾರ ಟಿಕ್ ಅಂತು ಅಂತ ಖುಷಿಪಟ್ಟು, ಮುಳ್ಳು ತಿರುಗುತ್ತಾ ಅಂತ ನೋಡ್ಲಿಲ್ಲ ನೀನು. ನಡಿ, ಆ ಕಂಪನಿಗೆ ಒಂದು ಫೋನ್ ಮಾಡು."

ಮರುದಿನ ಎರಡು ಗಂಟೆಗೆ ಅಜ್ಜಿ ನಾಲ್ವರನ್ನೂ ಆ ಕೋಣೆಯಲ್ಲಿ ಸೇರಿಸಿದಳು: ಮಾಲೀಕ, ಮೇಲ್ವಿಚಾರಕ, ತಂಗಿ, ರಿಪೇರಿಯವಳು.

"ಇದರೊಳಗೆ ಇರೋದು ಯಾವ ಡಿಸ್ಕು?"

"ಹೊಸದು," ಎಂದ ಮೇಲ್ವಿಚಾರಕ. "ಹಳೇದು ಇವಳ ಕೈಯಲ್ಲಿ ಸತ್ತು ಹೋಯ್ತಲ್ಲ."

ಎರಡೂ ಹತ್ತಕ್ಕೆ ಪರದೆ ಹತ್ತಿಕೊಂಡಿತು. 

"ಇದು ದಾಖಲೆಯನ್ನ ದಿನಾ ತಾನಾಗೇ ನಕಲು ಮಾಡೋ ಕೆಲಸ," ಎಂದಳು ಅಜ್ಜಿ. "ಗುಡಿಸೋ ಹೊತ್ತಿಗೆ ಆಗಲಿ ಅಂತ ಹಿಂದೇನೇ ಇಟ್ಟಿರೋದು. ಆಗ ಗುಡಿಸುವಾಗ್ಲೂ ಯಂತ್ರ ಓಡಿಸ್ತಿದ್ರಿ, ಪರದೆ ಸದಾ ಉರೀತಿತ್ತು, ಯಾರಿಗೂ ಗೊತ್ತಾಗ್ಲಿಲ್ಲ. ಒಂದು ಜೀವ ಹೋದ ಮೇಲೆ ಯಂತ್ರ ನಿಲ್ಲಿಸೋಕೆ ಶುರು ಮಾಡಿದ್ರಿ, ಇದನ್ನ ಮಲಗಿಸಿದ್ರಿ. ಇದು ಹೇಳಿದ ಹೊತ್ತಿಗೆ ಎದ್ದು ತನ್ನ ಕೆಲಸ ಮಾಡ್ತಿದೆ. ಆದ್ರೆ ಹನ್ನೊಂದು ನಿಮಿಷ ಯಾಕೆ? ಮುಚ್ಚಳ ತೆಗಿಯಮ್ಮ."

ರಿಪೇರಿಯವಳು ತೆಗೆದಳು. ಒಳಗೆ ಅವಳದೇ ಕೈಬರಹ: 'ದಿನದ ನಕಲು. ಹಳೆಯದು ಹನ್ನೊಂದು ನಿಮಿಷ, ಹೊಸದು ಐವತ್ತು ಸೆಕೆಂಡು.' ಅದರ ಪಕ್ಕದಲ್ಲಿ ಗೀರು ಬಿದ್ದ ಹಳೇ ಡಿಸ್ಕು ತಣ್ಣಗೆ ಕೂತಿತ್ತು.

"ಯಂತ್ರದ ಪ್ರೋಗ್ರಾಮು ಹಳೇ ಡಿಸ್ಕಿಗೆ ಬೀಗ ಹಾಕಿದ್ದು," ಅಜ್ಜಿ ಮುಂದುವರಿಸಿದಳು. "ಹೊಸ ಪಾಸ್‌ವರ್ಡ್ ಇಲ್ದೆ ಹೊಸದರ ಮೇಲೆ ಏಳಲ್ಲ. ದಾಖಲೆಯ ಒಂದು ದಿನ ಅಳಿಸಿದ್ರೂ ಏಳಲ್ಲ. ಕಂಪನಿಯವರೇ ಹೇಳಿದ್ರು. ಹೊಸದರಲ್ಲಿರೋ ನಕಲು ಅಳಿಸಿ, ಹಳೇದನ್ನ ನಾಶ ಮಾಡಿ, ಖಾಲಿ ದಾಖಲೆಯಿಂದ ಶುರು ಮಾಡೋಕೇ ಹೊಸದು ತರಿಸಿದ್ರಿ. ಯಂತ್ರ ಏಳದೆ ಹೋದಾಗ, ಒಂದು ದಿನದ ಕೆಲಸ ನಿಲ್ಲಿಸೋಕೂ ಮನಸ್ಸಿಲ್ಲದೆ ಹಳೇದನ್ನೇ ವಾಪಸ್ ಹಾಕಿ, ಸತ್ತಿದೆ ಅಂತ ಸಾರಿದ್ರಿ. ಪಾಸ್‌ವರ್ಡ್ ನಾಳೆ ಬರುತ್ತೆ. ನಾಳೆ ಇದು ನಿಜವಾಗ್ಲೂ ಸಾಯ್ತಿತ್ತು."

ಮೇಲ್ವಿಚಾರಕ ಒಂದು ಹೆಜ್ಜೆ ಹಿಂದೆ ಸರಿದ. "ಗುಂಡಿಯಿಂದ ಯಂತ್ರಕ್ಕೆ ಹೋಗೋ ತಂತಿ ಕತ್ತರಿಸು ಅಂದದ್ದು ನಾನಲ್ಲ. ಪದೇಪದೇ ನಿಲ್ಲುತ್ತೆ ಅಂತ..." ಅವನ ಕಣ್ಣು ಮಾಲೀಕನ ಕಡೆ ಹೋಯಿತು.

"ಗೊತ್ತು. ಡಿಸ್ಕು ಬದಲಾಗಿದ್ರೆ ಪಾಸ್‌ವರ್ಡ್ ಇಲ್ದೆ ಯಂತ್ರ ಹೆಂಗೆ ಓಡ್ತಿದೆ ಅಂತ ಕೇಳಬೇಕಿತ್ತು, ಪತ್ರಕ್ಕೆ ಹಸಿರು ಸಹಿ ಹಾಕಿದವರು. ಕೇಳ್ಲಿಲ್ಲ, ಯಾಕಂದ್ರೆ ಅವರಿಗೆ ಎಲ್ಲಾ ಗೊತ್ತಿತ್ತು," ಎಂದಳು ಅಜ್ಜಿ.

ರಿಪೇರಿಯವಳು ಸಾವಿನ ದಿನದ ದಾಖಲೆಯ ಸಾಲುಗಳನ್ನು ತೆರೆದಳು. ನಿಲ್ಲಿಸು. ನಿಲ್ಲಿಸು. ನಿಲ್ಲಿಸು. ನಿಲ್ಲಿಸು. ಹದಿನಾಲ್ಕು ಸೆಕೆಂಡಿನಲ್ಲಿ ನಾಲ್ಕು ಸಲ. ಪ್ರತಿ ಸಾಲಿನ ಕೊನೆಗೂ ಒಂದೇ ಮಾತು: ಯಂತ್ರ ಚಾಲನೆಯಲ್ಲಿದೆ.

ತಂಗಿ ಪರದೆಯನ್ನು ಮುಟ್ಟಿದಳು. "ಹಂಗಾದ್ರೆ ಬರ್ತಿದ್ದದ್ದು ಅಕ್ಕ ಅಲ್ವಾ?"

ಅಜ್ಜಿ ಅವಳ ಹೆಗಲ ಮೇಲೆ ಕೈ ಇಟ್ಟಳು. "ಅಲ್ಲ ಮಗಳೇ. ಆದ್ರೆ ಅವಳ ಬೆರಳು ಇದರಲ್ಲಿದೆ."

ಮಾಲೀಕ ಮೆಲ್ಲಗೆ ಬಾಗಿಲು ಮುಚ್ಚಿ, ರಿಪೇರಿಯವಳ ಎದುರು ನಿಂತ. ದನಿಯಲ್ಲಿ ಬೆಣ್ಣೆ. "ನೋಡಮ್ಮ, ತಪ್ಪು ನಿಂದಲ್ಲ ಅಂತ ಈಗಲೇ ಬರೆದು ಕೊಡ್ತೀನಿ. ಊರಿಗೆಲ್ಲ ಹೇಳ್ತೀನಿ. ನಿನ್ನ ಅಂಗಡಿ ಮೊದಲಿನ ಹಂಗೆ ನಡೀಲಿ. ಆ ಡಿಸ್ಕ್ ಇಲ್ಲಿ ಕೊಡು."

ಹತ್ತು ದಿನದಿಂದ ಅವಳು ಕಾಯುತ್ತಿದ್ದ ಮಾತು ಅದು. ಅವಳು ಕಂಪ್ಯೂಟರ್ ಆರಿಸಿದಳು, ಡಿಸ್ಕನ್ನು ಬಿಡಿಸಿದಳು, ತಂಗಿಯ ಕೈಗಿಟ್ಟು ಅವಳ ಬೆರಳುಗಳನ್ನು ಅದರ ಸುತ್ತ ಮಡಿಸಿದಳು.

"ಕೊಡಲ್ಲ," ಎಂದಳು.