ಹಸಿರು ಕಾರು ಯಾವ ವರ್ಷದ್ದು?

ಬೆಳಗಿನ ಬಿಸಿಲಿನಲ್ಲಿ ದೂಳು ನಿಧಾನವಾಗಿ ತೇಲುತ್ತಿತ್ತು. ಅದರ ನಡುವೆ ಅಪ್ಪನ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ನೀರಿನಡಿಯ ಹಸಿರು ಮೀನಿನಂತೆ ಮಲಗಿತ್ತು. ತಂಗಿ ಬಾನೆಟ್ ಎತ್ತಿದಳು. ಮೇಲೆ ಬಳಿದಿದ್ದ ಬಣ್ಣ ಕೆರೆದು ಓದಬೇಕೆಂದಿದ್ದ ತಗಡು, ಕಾರಿನ ವರ್ಷ ಕೆತ್ತಿದ್ದ ತಗಡು — ಇಲ್ಲ!

ಕಾರು ತಯಾರಾದ ವರ್ಷ ಹುಟ್ಟಿದ ಮಗಳಿಗೇ ಕಾರು ಎಂದು ಅಪ್ಪ ಬರೆದಿಟ್ಟು ಕಣ್ಣು ಮುಚ್ಚಿದ್ದರು. ಕಾರಿನ ಕಾಗದಪತ್ರಗಳು ಎಂದೋ ಕಳೆದುಹೋಗಿದ್ದವು. ಅಕ್ಕ ಹುಟ್ಟಿದ್ದು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ತಂಗಿ ಅರವತ್ತನಾಲ್ಕರಲ್ಲಿ. ಅಕ್ಕ ಗಡಿಯಾರ ರಿಪೇರಿಯವಳು. ಸ್ಟೀರಿಂಗ್ ಹಿಡಿದವಳೇ ಅಲ್ಲ. ತಂಗಿಗೋ ಆ ಕಾರೆಂದರೆ ಪಂಚಪ್ರಾಣ.

ಕಾರಿನ ಸೀಟು ಹೊಲಿಯುವ ಸೋದರತ್ತೆ ಕನ್ನಡಕ ಒರೆಸಿಕೊಳ್ಳುತ್ತ ಬಂದರು.

“ನಿನ್ನೆ ಯಾರ್ಯಾರು ಬಂದಿದ್ರು?”

“ಹಳೇ ಕಾರುಗಳ ದಲ್ಲಾಳಿ, ಅತ್ತೆ. ಅವನದ್ದೇ ಕೈವಾಡ! ನಾನಂತೂ ಮುಟ್ಟಿಲ್ಲ —” ಎಂದಳು ತಂಗಿ.

“ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಕೋತೀಯಾ?”

ಅಕ್ಕ ಮೆಲ್ಲಗೆ ಬಾಯಿ ಹಾಕಿದಳು. “ತಗಡು ಯಾಕತ್ತೆ? ಕಾಲಿಡೋ ಜಾಗ ತಗ್ಗಾಗಿದೆ. ಮೊದಲ ವರ್ಷ, ಅಂದ್ರೆ ಅರವತ್ತೊಂದರ ಕಾರುಗಳಲ್ಲಿ ನೆಲ ಮಟ್ಟಸ. ಇದು ಆಮೇಲಿಂದು. ತಂಗಿದೇ.”

ಅತ್ತೆ ಮ್ಯಾಟ್ ಎತ್ತಿ, ಕಣ್ಣು ಮುಚ್ಚಿ ಬೆರಳಾಡಿಸಿದರು. ಎಲ್ಲೋ ದೂರದ ಮಾತು ಕೇಳುತ್ತಿದ್ದಂತಿತ್ತು.

“ಈ ಮ್ಯಾಟ್ ಕಾರ್ಖಾನೆದು. ಮಟ್ಟಸ ನೆಲಕ್ಕೆ ಕತ್ತರಿಸಿದ್ದು. ತಗ್ಗಿಗೆ ಆಮೇಲೆ ತುಂಡು ಸೇರಿಸಿ ಹೊಲಿದಿದ್ದಾರೆ. ಕೆಳಗೆ ಬೆಸುಗೆ ಗುರುತೂ ಇದೆ. ನಿಮ್ಮಪ್ಪಂದು ಕೊಕ್ಕರೆ ಕಾಲಲ್ವಾ? ಹಿಡಿಸದೆ ಮಾಡ್ಸಿದಾನೆ. ಕಾರು ಅರವತ್ತೊಂದರದ್ದೇ.”

ತಂಗಿಯ ಮುಖ ಬಾಡಿತು. “ಹಾಗಾದ್ರೆ... ತಗಡು ಕದ್ದೋರು?”

“ಇಲ್ಲದ ತಗಡನ್ನೇ ಹುಡುಕಿದ್ರಿ, ಇರೋ ಸ್ಕ್ರೂ ನೋಡ್ಲಿಲ್ಲ. ನಾಲ್ಕೂ ಅದರದರ ತೂತಿಗೇ ವಾಪಸ್ ಕೂತಿವೆ! ಕದಿಯೋ ದಲ್ಲಾಳಿಗೆ ಅಷ್ಟು ವ್ಯವಧಾನ ಎಲ್ಲಿ? ನೀನಾಗಿದ್ರೆ ನಾಲ್ಕು ದಿಕ್ಕಿಗೆ ನಾಲ್ಕು. ಬಿಚ್ಚಿದ ಸ್ಕ್ರೂ ಕಳೀಬಾರ್ದು ಅಂತ ತಕ್ಷಣ ಅಲ್ಲೇ ಕೂರಿಸೋದು ಗಡಿಯಾರದವರ ಕೈ. ಅಲ್ವೇನಮ್ಮಾ, ದೊಡ್ಡವಳೇ?”

ಅಕ್ಕ ಜೇಬಿನಿಂದ ತಗಡು ತೆಗೆದಳು.

“ನಾನಿದನ್ನ ಇಟ್ಕೊಂಡು ಏನ್ ಮಾಡ್ಲಿ, ಅತ್ತೆ? ಇವಳು ನಿದ್ದೇಲೂ ಗೇರ್ ಹಾಕ್ತಾಳೆ. ತಗೋ ಅಂದ್ರೆ ತಗೋತಾಳಾ? ಅಪ್ಪನ ಮಾತು ಅಂದ್ರೆ ಮುಗೀತು, ಹಠಮಾರಿ!”

ತಂಗಿ ತೋಳಿನಿಂದ ಮೂಗೊರೆಸಿಕೊಂಡಳು. ಪಕ್ಕದ ಸೀಟಿನ ಬಾಗಿಲು ತೆರೆದು ಹಿಡಿದಳು.

“ಕಾರು ನಿಂದೇ, ಅಕ್ಕ. ಡ್ರೈವರ್ ನಾನು. ಹತ್ತಿ, ಯಜಮಾನ್ರೇ!”